ನೆರೆದೇಶದ ಮೇಲಿನ ವಿದೇಶಿ ಪ್ರಭಾವವನ್ನು ಅಳೆಯುವುದು ಹೇಗೆ? ಮಾಲ್ದೀವ್ಸ್ ಉದಾಹರಣೆಯೊಂದಿಗೆ ಹಂತ ಹಂತದ ಮಾರ್ಗದರ್ಶಿ

2023ರ ಸೆಪ್ಟೆಂಬರ್‌ನಲ್ಲಿ ಮೊಹಮ್ಮದ್ ಮುಯಿಜು ಅಧ್ಯಕ್ಷೀಯ ಚುನಾವಣೆ ಗೆದ್ದಾಗ ‘ಮಾಲ್ದೀವ್ಸ್ ಚೀನಾದ ಪಾಲಾಯಿತು’ ಎಂಬ ಬರಹಗಳು ಸಾಲುಗಟ್ಟಿ ಬಂದವು. ಮರುವರ್ಷ ಅಕ್ಟೋಬರ್‌ನಲ್ಲಿ ಅದೇ ಮುಯಿಜು ದೆಹಲಿಗೆ ಬಂದು, ಆಗ್ರಾ, ಮುಂಬೈ, ಬೆಂಗಳೂರು ನೋಡಿಕೊಂಡು ಹೋದಾಗ ‘ಭಾರತದತ್ತ ಮರಳಿತು’ ಎಂಬ ಬರಹಗಳು ಬಂದವು. ಹೀಗೆ ಬರೆಯುವವರು ಓದಿಕೊಂಡವರೇ, ಶ್ರಮ ಪಡುವವರೇ. ಎಡವಟ್ಟು ಆಗುವುದು ಕೆಲಸದ ಅನುಕ್ರಮದಲ್ಲಿ. ಮೊದಲು ತೀರ್ಮಾನ ಮಾಡಿಕೊಂಡು, ಆಮೇಲೆ ಅದಕ್ಕೆ ಒಪ್ಪುವ ಸುದ್ದಿ ಹುಡುಕುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಪತ್ರಿಕೋದ್ಯಮದ ವಿದ್ಯಾರ್ಥಿಗಳು, ಅಂಕಣ ಬರೆಯಲು ಹೊರಟ ಹೊಸಬರು ಎಲ್ಲರೂ ಮುಗ್ಗರಿಸುವುದು ಇಲ್ಲೇ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಶ್ರೀಲಂಕಾ, ನೇಪಾಳ, ಮಾರಿಷಸ್ ಹೀಗೆ ಯಾವ ದೇಶಕ್ಕಾದರೂ ಈ ವಿಧಾನ ಒಗ್ಗುತ್ತದೆ. ಇಲ್ಲಿ ಉದ್ದಕ್ಕೂ ಮಾಲ್ದೀವ್ಸ್ ಅನ್ನೇ ಇಟ್ಟುಕೊಂಡಿದ್ದೇನೆ. ದೇಶ ಚಿಕ್ಕದು, ದಾಖಲೆಗಳು ಕೈಗೆ ಸಿಗುತ್ತವೆ, ತಪ್ಪುಗಳೂ ಎದ್ದು ಕಾಣುತ್ತವೆ.

## ಶುರು ಮಾಡುವ ಮುನ್ನ ಬೇಕಾದ ಸಾಮಗ್ರಿ

ದುಬಾರಿ ತಂತ್ರಾಂಶ ಏನೂ ಬೇಡ. ಒಂದು ಎಕ್ಸೆಲ್ ಹಾಳೆ, ಒಂದು ಒಳ್ಳೆಯ ನಕ್ಷೆ, ಹಳೆಯ ಪುಟಗಳನ್ನು ಉಳಿಸಿಡಲು ಒಂದು ಫೋಲ್ಡರ್ ಸಾಕು.

ಮೂಲಗಳನ್ನು ಮಾತ್ರ ಮೂರು ಕಡೆಯಿಂದ ತರಬೇಕು. ಮೊದಲನೆಯದು ಆ ದೇಶದ್ದು: ಅಧ್ಯಕ್ಷರ ಕಚೇರಿಯ ಪ್ರಕಟಣೆ, ಮಾಲ್ದೀವ್ಸ್ ಹಣಕಾಸು ಪ್ರಾಧಿಕಾರದ ಮಾಸಿಕ ಅಂಕಿಅಂಶ, ಪ್ರವಾಸೋದ್ಯಮ ಸಚಿವಾಲಯದ ಲೆಕ್ಕ, ಚುನಾವಣಾ ಆಯೋಗದ ಫಲಿತಾಂಶ, ಜೊತೆಗೆ ಸ್ಥಳೀಯ ಪತ್ರಿಕೆಗಳು. ಎರಡನೆಯದು ಭಾರತದ್ದು: ವಿದೇಶಾಂಗ ಸಚಿವಾಲಯದ ಜಂಟಿ ಹೇಳಿಕೆಗಳು, ಲೋಕಸಭೆ ಮತ್ತು ರಾಜ್ಯಸಭೆಯಲ್ಲಿ ಕೊಟ್ಟ ಲಿಖಿತ ಉತ್ತರಗಳು, ಬಜೆಟ್‌ನಲ್ಲಿ ಆ ಸಚಿವಾಲಯದ ಅನುದಾನ ಬೇಡಿಕೆಯ ಪುಟ. ಮೂರನೆಯದು ಈ ಎರಡೂ ಸರ್ಕಾರಗಳಿಗೆ ಸೇರದ್ದು: ಐಎಂಎಫ್ ವರದಿ, ಫಿಚ್, ಮೂಡೀಸ್‌ನಂಥ ರೇಟಿಂಗ್ ಸಂಸ್ಥೆಗಳ ಟಿಪ್ಪಣಿ, ಹಡಗುಗಳ ಚಲನೆ ತೋರಿಸುವ ತಾಣಗಳು.

ಸಂಸತ್ತಿನ ಲಿಖಿತ ಉತ್ತರಗಳನ್ನು ಹೊಸಬರು ಮುಟ್ಟುವುದೇ ಇಲ್ಲ. ಟಿವಿ ಚರ್ಚೆಯಲ್ಲಿ ಸಿಗದ ದಿನಾಂಕ, ಮೊತ್ತ, ಯೋಜನೆಯ ಸ್ಥಿತಿ ಅಲ್ಲಿ ಒಂದೇ ಪುಟದಲ್ಲಿ ಸಿಗುತ್ತವೆ.

## ಹಂತ 1: ಪ್ರಶ್ನೆಯನ್ನು ಕಿರಿದು ಮಾಡಿ

‘ಮಾಲ್ದೀವ್ಸ್ ಯಾರ ಕಡೆ?’ ಎಂಬ ಪ್ರಶ್ನೆಗೆ ಯಾವ ದಾಖಲೆಯೂ ಉತ್ತರ ಕೊಡಲಾರದು. ಅದನ್ನು ಹೀಗೆ ತಿದ್ದಿ: ‘2023ರ ನವೆಂಬರ್ 17ರಂದು ಮುಯಿಜು ಅಧಿಕಾರ ಸ್ವೀಕರಿಸಿದ ಮೇಲೆ ಭಾರತದ ಯಾವ ಯಾವ ಕೆಲಸ ನಿಂತಿತು, ಯಾವುದು ಮುಂದುವರಿಯಿತು, ನಿಂತದ್ದರ ಜಾಗಕ್ಕೆ ಯಾರು ಬಂದರು?’

ಪ್ರಶ್ನೆಯಲ್ಲಿ ಒಂದು ಆರಂಭದ ದಿನಾಂಕ ಇರಬೇಕು, ಎಣಿಸಬಹುದಾದ ಸಂಗತಿ ಇರಬೇಕು. ಇವೆರಡೂ ಇಲ್ಲದಿದ್ದರೆ ಎರಡನೇ ಹಂತಕ್ಕೆ ಹೋಗಬೇಡಿ.

## ಹಂತ 2: ನಕ್ಷೆ ಬಿಡಿಸಿ, ದಿನಾಂಕಗಳ ಹಾಳೆ ತೆರೆಯಿರಿ

ಲಕ್ಷದ್ವೀಪದ ಮಿನಿಕಾಯ್‌ನಿಂದ ಮಾಲ್ದೀವ್ಸ್‌ನ ಉತ್ತರ ತುದಿಗೆ ಸುಮಾರು 130 ಕಿಲೋಮೀಟರ್. ಎರಡರ ನಡುವೆ ಇರುವುದು ಎಂಟು ಡಿಗ್ರಿ ಕಾಲುವೆ. ಪರ್ಷಿಯನ್ ಕೊಲ್ಲಿ, ಕೆಂಪು ಸಮುದ್ರದ ಕಡೆಯಿಂದ ಪೂರ್ವ ಏಷ್ಯಾಕ್ಕೆ ಹೋಗುವ ಹಡಗುಗಳ ದಾರಿ ಈ ಭಾಗದಲ್ಲೇ ಹಾದುಹೋಗುತ್ತದೆ. ದೆಹಲಿ, ಬೀಜಿಂಗ್ ಎರಡಕ್ಕೂ ಈ ಹವಳದ ದ್ವೀಪಗಳು ಯಾಕೆ ಬೇಕು ಎನ್ನುವುದನ್ನು ನಕ್ಷೆಯೇ ಹೇಳಿಬಿಡುತ್ತದೆ. ಅದನ್ನು ವಿವರಿಸಲು ಬರಹದಲ್ಲಿ ಎರಡು ಪುಟ ಖರ್ಚು ಮಾಡಬೇಡಿ.

ಹಾಳೆಯ ವಿಷಯಕ್ಕೆ ಬನ್ನಿ. ಪ್ರತಿ ಒಪ್ಪಂದಕ್ಕೂ ಒಂದು ಸಾಲು. ಕಾಲಂಗಳು ಹೀಗಿರಲಿ: ಘೋಷಣೆ, ಸಹಿ, ಹಣ ಬಿಡುಗಡೆ, ಕೆಲಸ ಶುರು, ಜಾರಿ, ನವೀಕರಣ ಅಥವಾ ರದ್ದು. ಒಂದೇ ಕಾಲಂ ಇಟ್ಟು ‘ಒಪ್ಪಂದ ಆಯಿತು’ ಎಂದು ಬರೆದುಕೊಳ್ಳುವುದೇ ಅರ್ಧ ತಪ್ಪುಗಳ ಮೂಲ.

ಚೀನಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದವನ್ನೇ ನೋಡಿ. ಅಬ್ದುಲ್ಲಾ ಯಮೀನ್ ಅಧ್ಯಕ್ಷರಾಗಿದ್ದಾಗ, 2017ರ ಡಿಸೆಂಬರ್‌ನಲ್ಲಿ ಸಹಿ ಬಿತ್ತು. 2018ರಲ್ಲಿ ಬಂದ ಇಬ್ರಾಹಿಂ ಸೋಲಿಹ್ ಸರ್ಕಾರ ಅದನ್ನು ಮೂಲೆಗಿಟ್ಟಿತು. ಜಾರಿಗೆ ಬಂದದ್ದು 2025ರ ಜನವರಿ 1ರಂದು. ಸಹಿಯ ದಿನ ‘ಮಾಲ್ದೀವ್ಸ್ ಮಾರುಕಟ್ಟೆ ಚೀನಾಕ್ಕೆ ತೆರೆಯಿತು’ ಎಂದು ಬರೆದವರು ಏಳು ವರ್ಷ ಮುಂದಿದ್ದರು. ಭಾರತದ ಕಡೆಯಿಂದಲೂ ಇಂಥದ್ದೇ ಒಂದಿದೆ: ಸಮುದ್ರತಳದ ಸಮೀಕ್ಷೆಯ ಒಪ್ಪಂದಕ್ಕೆ 2019ರಲ್ಲಿ ಸಹಿ ಆಗಿತ್ತು, ಮುಯಿಜು ಸರ್ಕಾರ ಅದನ್ನು ಗಲಾಟೆಯಿಂದ ಹರಿದು ಹಾಕಲಿಲ್ಲ, 2024ರ ಜೂನ್‌ನಲ್ಲಿ ಅವಧಿ ಮುಗಿದಾಗ ನವೀಕರಿಸದೆ ಬಿಟ್ಟಿತು. ನವೀಕರಣದ ಕಾಲಂ ಇಲ್ಲದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

## ಹಂತ 3: ಹೊರಗಿನವರ ಮಾತು ಆಮೇಲೆ, ಒಳರಾಜಕೀಯ ಮೊದಲು

ಈ ಹಂತವನ್ನು ಹಾರಿಸಿದರೆ ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ಕಿವುಚಿದಂತೆ. ವಿದೇಶಾಂಗ ನೀತಿಯ ಬಹುಪಾಲು ಮಾತು ಊರೊಳಗಿನ ಮತದಾರನಿಗೆ ಆಡಿದ್ದು.

2023ರ ಮೊದಲ ಸುತ್ತಿನಲ್ಲಿ ಮುಯಿಜುಗೆ ಸುಮಾರು ಶೇ 46, ಸೋಲಿಹ್‌ಗೆ ಶೇ 39. ಎರಡನೇ ಸುತ್ತಿನಲ್ಲಿ ಮುಯಿಜು ಶೇ 54ರಷ್ಟು ಮತ ಪಡೆದು ಗೆದ್ದರು. ಭಾರತೀಯ ಸೈನಿಕರು ಹೊರಡಬೇಕೆಂಬ ‘ಇಂಡಿಯಾ ಔಟ್’ ಅಭಿಯಾನವೇ ಗೆಲ್ಲಿಸಿತು ಎನ್ನುವುದು ಸುಲಭದ ವಿವರಣೆ. ಆದರೆ ಆ ಅಭಿಯಾನದ ದೊಡ್ಡ ಮುಖವಾಗಿದ್ದ ಯಮೀನ್ ಭ್ರಷ್ಟಾಚಾರ ಪ್ರಕರಣದಲ್ಲಿ ಜೈಲು ಸೇರಿ ಸ್ಪರ್ಧಿಸುವಂತಿರಲಿಲ್ಲ. ಮುಯಿಜು ಬದಲಿ ಅಭ್ಯರ್ಥಿ. ಇತ್ತ ಸೋಲಿಹ್ ಅವರ ಆಡಳಿತ ಪಕ್ಷ ಎಂಡಿಪಿ (ಮಾಲ್ಡೀವಿಯನ್ ಡೆಮಾಕ್ರಟಿಕ್ ಪಾರ್ಟಿ) ಇಬ್ಭಾಗವಾಗಿತ್ತು. ಮಾಜಿ ಅಧ್ಯಕ್ಷ ಮೊಹಮ್ಮದ್ ನಶೀದ್ ಬಣ ‘ಡೆಮಾಕ್ರಟ್ಸ್’ ಎಂಬ ಬೇರೆ ಪಕ್ಷ ಕಟ್ಟಿ, ಮೊದಲ ಸುತ್ತಿನಲ್ಲಿ ಶೇ 7ರಷ್ಟು ಮತ ಒಯ್ದಿತ್ತು. ಈ ಒಡಕನ್ನು ಲೆಕ್ಕಕ್ಕೆ ಹಿಡಿಯದೆ ಫಲಿತಾಂಶವನ್ನು ಭಾರತ-ಚೀನಾ ಜನಮತಗಣನೆ ಎಂದು ಓದಬಾರದು.

ಈಗ ಹಾಳೆಯಲ್ಲಿ ಚುನಾವಣೆಯ ದಿನಾಂಕಗಳನ್ನು ಬೇರೆ ಬಣ್ಣದಲ್ಲಿ ತುಂಬಿ. 2024ರ ಜನವರಿ 13ರಂದು ಮುಯಿಜು ಬೀಜಿಂಗ್‌ನಿಂದ ವಾಪಸ್ ಬಂದು, ನಮ್ಮನ್ನು ಬೆದರಿಸುವ ಹಕ್ಕು ಯಾರಿಗೂ ಇಲ್ಲ ಎಂಬ ಅರ್ಥದ ಮಾತಾಡಿದರು. ಅದೇ ದಿನ ರಾಜಧಾನಿ ಮಾಲೆಯ ಮೇಯರ್ ಉಪಚುನಾವಣೆ ಇತ್ತು. ಅವರೇ ತೆರವು ಮಾಡಿದ್ದ ಆ ಕುರ್ಚಿ ಎಂಡಿಪಿ ಪಾಲಾಯಿತು. ಮರುದಿನ ಭಾರತೀಯ ಸೈನಿಕರು ಮಾರ್ಚ್ 15ರೊಳಗೆ ಹೊರಡಬೇಕೆಂಬ ಗಡುವು ಬಂತು. ಸಂಸತ್ತು, ಅಂದರೆ ಮಜ್ಲಿಸ್, ಆಗಲೂ ಎಂಡಿಪಿ ಹಿಡಿತದಲ್ಲೇ ಇತ್ತು. ಮಜ್ಲಿಸ್ ಚುನಾವಣೆ ಮೊದಲು ನಿಗದಿಯಾಗಿದ್ದದ್ದು ಮಾರ್ಚ್ 17ಕ್ಕೆ! ಮುಂದೆ ಅದು ಏಪ್ರಿಲ್ 21ಕ್ಕೆ ಹೋಯಿತು, 93 ಸ್ಥಾನಗಳಲ್ಲಿ ಮೂರನೇ ಎರಡಕ್ಕಿಂತ ಹೆಚ್ಚನ್ನು ಮುಯಿಜು ಅವರ ಪಕ್ಷ ಪಿಎನ್‌ಸಿ ಗೆದ್ದಿತು. ದಿನಾಂಕಗಳನ್ನು ಅಕ್ಕಪಕ್ಕ ಇಟ್ಟರೆ ಗಡುವಿನ ಒಂದು ಕಾರಣ ತಾನಾಗಿ ಎದ್ದು ಬರುತ್ತದೆ. ಅದೊಂದೇ ಕಾರಣ ಎಂದು ಮಾತ್ರ ಹೇಳಬೇಡಿ, ಏಳನೇ ಹಂತದವರೆಗೂ ಕಾಯಿರಿ.

## ಹಂತ 4: ದುಡ್ಡಿನ ಜಾಡು ಹಿಡಿಯಿರಿ

ಅನುದಾನ, ಸಾಲದ ಸೌಲಭ್ಯ, ಕರೆನ್ಸಿ ವಿನಿಮಯ, ಖಜಾನೆ ಬಿಲ್. ಈ ನಾಲ್ಕನ್ನೂ ‘ನೆರವು’ ಎಂದು ಒಟ್ಟು ಹಾಕುವುದು ಅತಿ ಸಾಮಾನ್ಯ ತಪ್ಪು. ಅನುದಾನ ವಾಪಸ್ ಕೊಡಬೇಕಿಲ್ಲ. ಸಾಲದ ಸೌಲಭ್ಯ ಘೋಷಣೆಯಾದರೂ ಬಳಸಿಕೊಂಡಷ್ಟೇ ಲೆಕ್ಕ. ಕರೆನ್ಸಿ ವಿನಿಮಯದ ಹಣ ವಿದೇಶಿ ವಿನಿಮಯದ ಮೀಸಲು ನಿಧಿಯನ್ನು ತಾತ್ಕಾಲಿಕವಾಗಿ ಕಾಪಾಡುತ್ತದೆ. ಖಜಾನೆ ಬಿಲ್ ಎಂದರೆ ಸರ್ಕಾರ ಅಲ್ಪಾವಧಿಗೆ ಎತ್ತುವ ಸಾಲ, ಅವಧಿ ಮುಗಿದಾಗ ತೀರಿಸಬೇಕು ಇಲ್ಲವೇ ಮುಂದುವರಿಸಬೇಕು. ಹಾಗಾಗಿ ಅದು ಪ್ರತಿ ವರ್ಷ ಒಂದು ಮಾತುಕತೆ.

2024ರ ನಡುವಿನಿಂದ ಮಾಲ್ದೀವ್ಸ್ ಖಜಾನೆ ಬರಿದಾಗುತ್ತಾ ಬಂತು. ಜೂನ್ ಮತ್ತು ಆಗಸ್ಟ್‌ನಲ್ಲಿ ಫಿಚ್, ಸೆಪ್ಟೆಂಬರ್‌ನಲ್ಲಿ ಮೂಡೀಸ್ ರೇಟಿಂಗ್ ಇಳಿಸಿದವು. ವಿದೇಶಿ ವಿನಿಮಯ ಮೀಸಲು ಸುಮಾರು ಒಂದೂವರೆ ತಿಂಗಳ ಆಮದಿಗೆ ಸಾಲುವಷ್ಟಕ್ಕೆ ಕುಸಿಯಿತು. ಅಕ್ಟೋಬರ್‌ನಲ್ಲಿ ಇಸ್ಲಾಮಿಕ್ ಬಾಂಡ್ ಸುಕುಕ್‌ನ ಕಂತು ಕಟ್ಟಬೇಕಿತ್ತು. ಆ ಹೊತ್ತಿನಲ್ಲಿ ಭಾರತ ಮಾಡಿದ್ದು ಇಷ್ಟು: ಸ್ಟೇಟ್ ಬ್ಯಾಂಕ್ ಮೂಲಕ 5 ಕೋಟಿ ಡಾಲರ್ ಖಜಾನೆ ಬಿಲ್ಲನ್ನು ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಮುಂದುವರಿಸಿತು, ಅಕ್ಟೋಬರ್ 7ರಂದು 40 ಕೋಟಿ ಡಾಲರ್ ಹಾಗೂ 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯಕ್ಕೆ ಒಪ್ಪಿತು. ಮುಯಿಜು ದೆಹಲಿಯಲ್ಲಿ ನಗುತ್ತಾ ಕೈಕುಲುಕಿದ ಚಿತ್ರಕ್ಕಿಂತ ಈ ಎರಡು ಸಾಲು ಹೆಚ್ಚು ಮಾತಾಡುತ್ತವೆ.

2025ರ ಜುಲೈನಲ್ಲಿ ಪ್ರಧಾನಿ ಮೋದಿ ಮಾಲೆಗೆ ಹೋದಾಗ 4,850 ಕೋಟಿ ರೂಪಾಯಿಯ ಸಾಲದ ಸೌಲಭ್ಯ ಘೋಷಣೆಯಾಯಿತು. ಇಲ್ಲಿ ಮೊತ್ತಕ್ಕಿಂತ ಮುಖ್ಯ ಸಂಗತಿ, ಸಾಲ ಡಾಲರ್‌ನಲ್ಲಲ್ಲ, ರೂಪಾಯಿಯಲ್ಲಿ ಇದೆ ಎನ್ನುವುದು. ಅದೇ ಭೇಟಿಯಲ್ಲಿ ಹಳೆಯ ಸಾಲದ ವಾರ್ಷಿಕ ಕಂತನ್ನು 5.1 ಕೋಟಿ ಡಾಲರ್‌ನಿಂದ 2.9 ಕೋಟಿಗೆ ಇಳಿಸಲಾಯಿತು. ಕಂತು ಇಳಿಸಿದ್ದು ಸುದ್ದಿಯ ತಲೆಬರಹವಾಗಲಿಲ್ಲ. ಸಾಲಗಾರ ದೇಶದ ಹಣಕಾಸು ಸಚಿವರಿಗೆ ಅದೇ ದೊಡ್ಡ ಸುದ್ದಿ.

### ಇಲ್ಲಿ ಎಡವುವ ಎರಡು ಜಾಗ

ಬಜೆಟ್ ಅಂದಾಜು ಮತ್ತು ಪರಿಷ್ಕೃತ ಅಂದಾಜನ್ನು ಬೆರೆಸುವುದು. 2023-24ರ ಬಜೆಟ್‌ನಲ್ಲಿ ಭಾರತ ಮಾಲ್ದೀವ್ಸ್‌ಗೆ ಇಟ್ಟಿದ್ದು 400 ಕೋಟಿ ರೂಪಾಯಿ. ವರ್ಷ ಮುಗಿಯುವ ಹೊತ್ತಿಗೆ ಪರಿಷ್ಕೃತ ಅಂದಾಜು 770 ಕೋಟಿ ದಾಟಿತ್ತು. 2024ರ ಫೆಬ್ರುವರಿಯ ಮಧ್ಯಂತರ ಬಜೆಟ್‌ನಲ್ಲಿ ಮುಂದಿನ ವರ್ಷಕ್ಕೆಂದು 600 ಕೋಟಿ ತೋರಿಸಲಾಯಿತು. 770ಕ್ಕೆ ಹೋಲಿಸಿದವರು ‘ಮಾಲ್ದೀವ್ಸ್‌ಗೆ ಪಾಠ, ನೆರವು ಕಡಿತ’ ಎಂದರು. 400ಕ್ಕೆ ಹೋಲಿಸಿದ್ದರೆ ಅದು ಅರ್ಧದಷ್ಟು ಏರಿಕೆ. ಬಜೆಟ್ ಅಂದಾಜನ್ನು ಬಜೆಟ್ ಅಂದಾಜಿಗೆ, ಪರಿಷ್ಕೃತವನ್ನು ಪರಿಷ್ಕೃತಕ್ಕೆ ಹೋಲಿಸಿ. ಮಿಕ್ಕಿದ್ದು ಲೆಕ್ಕವಲ್ಲ.

ಒಂದು ಅಂಕಿಯನ್ನು ಒಟ್ಟು ಮೊತ್ತದಿಂದ ಕಿತ್ತು ತೋರಿಸುವುದು. 2024ರ ಜನವರಿಯಲ್ಲಿ ಮೂವರು ಉಪಸಚಿವರು ಮೋದಿ ಬಗ್ಗೆ ಕೀಳಾಗಿ ಬರೆದ ಮೇಲೆ ಭಾರತೀಯರು ಪ್ರವಾಸ ಬಹಿಷ್ಕರಿಸಿದರು. 2023ರಲ್ಲಿ 2 ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರು 2024ರಲ್ಲಿ ಸುಮಾರು 1.3 ಲಕ್ಷಕ್ಕೆ ಇಳಿದರು. ನಿಜವಾದ, ದೊಡ್ಡ ಕುಸಿತವೇ ಇದು. ಆದರೆ ಅದೇ ವರ್ಷ ಒಟ್ಟು ಪ್ರವಾಸಿಗರ ಸಂಖ್ಯೆ ಮೊದಲ ಸಲ 20 ಲಕ್ಷ ದಾಟಿತು, ಮೊದಲ ಸ್ಥಾನಕ್ಕೆ ಚೀನಾ ಬಂತು. ‘ಬಹಿಷ್ಕಾರದಿಂದ ಮಾಲ್ದೀವ್ಸ್ ಮಂಡಿಯೂರಿತು’ ಎಂಬ ವಾಕ್ಯ ಬರೆಯುವ ಮುನ್ನ ಈ ಎರಡೂ ಅಂಕಿ ಎದುರಿಗಿರಲಿ.

## ಹಂತ 5: ಭದ್ರತೆಯಲ್ಲಿ ಸಮವಸ್ತ್ರ ಎಣಿಸಬೇಡಿ, ಸಾಮರ್ಥ್ಯ ಯಾರದ್ದೆಂದು ನೋಡಿ

ಇಡೀ ಕೆಲಸದಲ್ಲಿ ನಿಧಾನವಾಗಿ, ತಾಳ್ಮೆಯಿಂದ ಮಾಡಬೇಕಾದ ಹಂತ ಇದು.

ಭಾರತ ಮಾಲ್ದೀವ್ಸ್‌ಗೆ ಕೊಟ್ಟಿದ್ದು ಎರಡು ಹೆಲಿಕಾಪ್ಟರ್, ಒಂದು ಡಾರ್ನಿಯರ್ ವಿಮಾನ. ಹೆಲಿಕಾಪ್ಟರ್ ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಧ್ರುವ್. ದೂರದ ದ್ವೀಪದಲ್ಲಿ ಹೆರಿಗೆ ಕಷ್ಟವಾದರೆ, ಯಾರಿಗಾದರೂ ಹೃದಯಾಘಾತವಾದರೆ, ಮಾಲೆ ಆಸ್ಪತ್ರೆಗೆ ತರುವ ಕೆಲಸಕ್ಕೆ ಇವೇ ಬಳಕೆಯಾಗುತ್ತಿದ್ದವು. ಕಡಲ ಗಸ್ತಿಗೂ ಹೌದು. ಇವನ್ನು ನಡೆಸಲು ಅಲ್ಲಿದ್ದ ಭಾರತೀಯ ಸೈನಿಕರು 80ರ ಆಸುಪಾಸು. ಆ ಸಂಖ್ಯೆಯೇ ಚುನಾವಣೆಯ ಘೋಷಣೆಯಾಯಿತು.

2024ರ ಫೆಬ್ರುವರಿ 2ರಂದು ದೆಹಲಿಯಲ್ಲಿ ಎರಡೂ ಕಡೆಯವರು ಕೂತು, ಮಾರ್ಚ್ 10ರಿಂದ ಮೇ 10ರೊಳಗೆ ಸೈನಿಕರನ್ನು ಹಂತ ಹಂತವಾಗಿ ಹಿಂದಕ್ಕೆ ಕರೆಸಿ, ಅವರ ಜಾಗಕ್ಕೆ ಭಾರತದ್ದೇ ತಾಂತ್ರಿಕ ಸಿಬ್ಬಂದಿಯನ್ನು ಕಳಿಸಲು ಒಪ್ಪಿದರು. ಗಡುವಿನೊಳಗೆ ಸೈನಿಕರು ಹೊರಟರು. ಹೆಲಿಕಾಪ್ಟರ್ ಅಲ್ಲೇ ಉಳಿಯಿತು, ವಿಮಾನವೂ ಉಳಿಯಿತು, ನಡೆಸುವವರು ಎಚ್‌ಎಎಲ್‌ನ ನಾಗರಿಕರಾದರು. ಅದಾದ ಮೇಲೆ ರಕ್ಷಣಾ ಸಚಿವ ಘಸ್ಸಾನ್ ಮೌಮೂನ್ ತಮ್ಮ ಪಡೆಯಲ್ಲಿ ಈ ವಿಮಾನಗಳನ್ನು ಹಾರಿಸಬಲ್ಲ ಪೈಲಟ್‌ಗಳು ಇನ್ನೂ ಇಲ್ಲ ಎಂದು ಪತ್ರಿಕಾಗೋಷ್ಠಿಯಲ್ಲೇ ಹೇಳಿದರು.

ಹಾಗಿದ್ದರೆ ಭಾರತದ ಪ್ರಭಾವ ಕುಗ್ಗಿತೇ? ಉತ್ತರ ಎರಡು ಭಾಗದ್ದು. ಸಮವಸ್ತ್ರ ಹೋಯಿತು, ಅದರ ರಾಜಕೀಯ ಬೆಲೆ ಸಣ್ಣದಲ್ಲ. ಹಾರಿಸುವ ಸಾಮರ್ಥ್ಯ ಮಾತ್ರ ಭಾರತದ ಕೈಯಲ್ಲೇ ಉಳಿಯಿತು. ಬರಹದಲ್ಲಿ ಎರಡನ್ನೂ ಹೇಳಿ.

ಇದೇ ರೀತಿ ಪ್ರತಿ ಉಪಕರಣಕ್ಕೂ ನಾಲ್ಕು ಪ್ರಶ್ನೆ ಕೇಳಿ: ಕೊಟ್ಟವರು ಯಾರು? ನಡೆಸುವವರು ಯಾರು? ಬಿಡಿಭಾಗ ಎಲ್ಲಿಂದ ಬರುತ್ತದೆ? ಮುಂದಿನ ತಂಡಕ್ಕೆ ತರಬೇತಿ ಎಲ್ಲಿ? ಕೊನೆಯದು ಅತ್ಯಂತ ನಿಧಾನವಾಗಿ ಬದಲಾಗುವ ಸಂಗತಿ. ಆದ್ದರಿಂದ ಅದು ಬದಲಾದರೆ ಗಂಭೀರವಾಗಿ ತೆಗೆದುಕೊಳ್ಳಿ. 2024ರ ಮಾರ್ಚ್‌ನಲ್ಲಿ ಚೀನಾ ಉಚಿತ ಮಿಲಿಟರಿ ನೆರವಿನ ಒಪ್ಪಂದಕ್ಕೆ ಸಹಿ ಮಾಡಿತು. ಅದೇ ತಿಂಗಳು ಟರ್ಕಿಯಿಂದ ಕೊಂಡ ಡ್ರೋನ್‌ಗಳು ಬಂದವು. ಡ್ರೋನ್‌ಗಳ ಸಾಲಿನಲ್ಲಿ ಈ ನಾಲ್ಕು ಪ್ರಶ್ನೆಗೆ ಉತ್ತರ ತುಂಬುತ್ತಾ ಹೋದರೆ ಭಾರತ-ಚೀನಾ ಎಂಬ ಜೋಡಿಯ ಆಚೆ ಮೂರನೆಯವರೂ ಇದ್ದಾರೆ ಎನ್ನುವುದು ಕಾಣುತ್ತದೆ. ಭಾರತದಲ್ಲಿ ಕುಳಿತು ಬರೆಯುವ ನಮಗೆ ಟರ್ಕಿ, ಕೊಲ್ಲಿ ರಾಷ್ಟ್ರಗಳು ಕಣ್ತಪ್ಪಿ ಹೋಗುವುದು ಹೆಚ್ಚು. ಮುಯಿಜು ಅಧ್ಯಕ್ಷರಾದ ಮೇಲೆ ಮೊದಲು ಅಧಿಕೃತ ಭೇಟಿ ಕೊಟ್ಟದ್ದು ಟರ್ಕಿಗೆ.

ಹಡಗಿನ ಚಿತ್ರಗಳ ಬಗ್ಗೆ ಒಂದು ಮಾತು. 2024ರ ಫೆಬ್ರುವರಿ ಕೊನೆಯಲ್ಲಿ ಚೀನಾದ ಸಂಶೋಧನಾ ಹಡಗು ಷಿಯಾಂಗ್ ಯಾಂಗ್ ಹಾಂಗ್ 03 ಮಾಲೆ ತಲುಪಿದಾಗ ಅದರ ಚಿತ್ರ ಎಲ್ಲೆಡೆ ಹರಿದಾಡಿತು. ಅದೇ ದಿನಗಳಲ್ಲಿ, ಅದೇ ಕಡಲಲ್ಲಿ ಭಾರತ, ಮಾಲ್ದೀವ್ಸ್, ಶ್ರೀಲಂಕಾ ಕರಾವಳಿ ಪಡೆಗಳ ‘ದೋಸ್ತಿ’ ಕವಾಯತು ನಡೆಯುತ್ತಿತ್ತು. ಒಂದನ್ನು ಮಾತ್ರ ನೋಡಿದವರು ಅರ್ಧವನ್ನೇ ನೋಡಿದಂತೆ.

## ಹಂತ 6: ಬದಲಾಗದೆ ಉಳಿದದ್ದರ ಪಟ್ಟಿ

ಸುದ್ದಿ ಬದಲಾವಣೆಯನ್ನು ಮಾತ್ರ ಹೇಳುತ್ತದೆ. ಉಳಿದದ್ದನ್ನು ನೀವೇ ಹುಡುಕಬೇಕು. ಮಾಲೆ ಬಳಿಯ ಉತುರು ತಿಲಾ ಫಲ್ಹುವಿನಲ್ಲಿ ಮಾಲ್ದೀವ್ಸ್ ಕರಾವಳಿ ಪಡೆಗೆ ಭಾರತ ಬಂದರು ಕಟ್ಟಿಕೊಡುವ 2021ರ ಒಪ್ಪಂದವನ್ನು ‘ಇಂಡಿಯಾ ಔಟ್’ ಗುಂಪು ಹೆಚ್ಚು ವಿರೋಧಿಸಿತ್ತು. ಮುಯಿಜು ಸರ್ಕಾರ ಅದನ್ನು ರದ್ದು ಮಾಡಲಿಲ್ಲ. ಮಾಲೆಯನ್ನು ಪಕ್ಕದ ದ್ವೀಪಗಳಿಗೆ ಜೋಡಿಸುವ, ಭಾರತದ ಅನುದಾನ ಮತ್ತು ಸಾಲದ ಸೇತುವೆ ಕೆಲಸವೂ ಮುಂದುವರಿಯಿತು. 2023ರ ಡಿಸೆಂಬರ್‌ನಲ್ಲಿ, ಭಾರತ ಮತ್ತು ಹಿಂದೂ ಮಹಾಸಾಗರದ ನೆರೆದೇಶಗಳ ವೇದಿಕೆಯಾದ ಕೊಲಂಬೊ ಭದ್ರತಾ ಸಮಾವೇಶದ ಸಭೆಗೆ ಗೈರಾಗಿದ್ದ ಮಾಲ್ದೀವ್ಸ್, 2024ರ ಆಗಸ್ಟ್‌ನಲ್ಲಿ ಅದೇ ವೇದಿಕೆಯ ಸನ್ನದಿಗೆ ಸಹಿ ಹಾಕಿತು.

ಈ ಪಟ್ಟಿ ಖಾಲಿ ಇದ್ದರೆ ಹುಡುಕಾಟ ಸಾಲದು ಎಂದೇ ಅರ್ಥ.

## ಹಂತ 7: ಮೂರು ವಿವರಣೆ ಬರೆದು, ಒಂದೊಂದನ್ನೂ ಬೀಳಿಸಲು ನೋಡಿ

ಈಗ ಮಾತ್ರ ‘ಯಾಕೆ’ ಎಂದು ಕೇಳಿ. ಕನಿಷ್ಠ ಮೂರು ವಿವರಣೆ ಬರೆಯಿರಿ. ಪ್ರತಿಯೊಂದರ ಕೆಳಗೆ, ಅದು ನಿಜವಾಗಿದ್ದರೆ ಏನು ಆಗಬೇಕಿತ್ತು ಎಂದು ಬರೆಯಿರಿ.

ಒಂದು, ಮಾಲ್ದೀವ್ಸ್ ಸಿದ್ಧಾಂತವಾಗಿಯೇ ಚೀನಾದತ್ತ ವಾಲಿದೆ. ಹಾಗಿದ್ದರೆ ಬಂದರು ಒಪ್ಪಂದ ರದ್ದಾಗಬೇಕಿತ್ತು, ಹಣದ ಬಿಕ್ಕಟ್ಟಿನಲ್ಲಿ ಮೊದಲ ಆಸರೆ ದೆಹಲಿ ಆಗಬಾರದಿತ್ತು. ಎರಡೂ ಹಾಗಾಗಲಿಲ್ಲ.

ಎರಡು, ಎಲ್ಲವೂ ಚುನಾವಣೆಯ ಮಾತು. ಹಾಗಿದ್ದರೆ 2024ರ ಏಪ್ರಿಲ್‌ನ ಭಾರಿ ಗೆಲುವಿನ ನಂತರ ಎಲ್ಲ ಮೊದಲಿನಂತಾಗಬೇಕಿತ್ತು. ಆದರೆ ಸಮುದ್ರ ಸಮೀಕ್ಷೆಯ ಒಪ್ಪಂದ ಜೂನ್‌ನಲ್ಲಿ ಮುಗಿಯಿತು, ಚೀನಾದೊಂದಿಗಿನ ವ್ಯಾಪಾರ ಒಪ್ಪಂದ ಮರುವರ್ಷ ಜಾರಿಗೆ ಬಂತು. ವಿವರಣೆ ಭಾಗಶಃ ಮಾತ್ರ ನಿಲ್ಲುತ್ತದೆ.

ಮೂರು, ಸಣ್ಣ ದೇಶವೊಂದು ಇಬ್ಬರು ದೊಡ್ಡವರ ಜೊತೆಗೂ ಚೌಕಾಸಿ ಮಾಡುತ್ತಾ, ಕಣ್ಣಿಗೆ ಕಾಣುವ ಸಾರ್ವಭೌಮತ್ವವನ್ನು ಮತದಾರನಿಗೆ ತೋರಿಸಿ, ಹಣ ಸಿಗುವ ಬಾಗಿಲನ್ನು ಮುಚ್ಚದೆ ಇಟ್ಟುಕೊಂಡಿದೆ. ಸಾಕ್ಷ್ಯದ ಎದುರು ಇದೇ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಹಾಳೆ ಬೇರೆ ಹೇಳಿದರೆ ಹಾಳೆಯನ್ನೇ ನಂಬಿ.

## ಹಂತ 8: ಬರೆಯುವಾಗ ಖಚಿತತೆಯ ಮಟ್ಟವನ್ನು ಹೇಳಿ

ತೀರ್ಮಾನ ಮೊದಲ ಪ್ಯಾರಾದಲ್ಲೇ ಇರಲಿ. ಪ್ರತಿ ತೀರ್ಮಾನಕ್ಕೂ ‘ಬಹುತೇಕ ಖಚಿತ’, ‘ಸಾಧ್ಯತೆ ಹೆಚ್ಚು’, ‘ಸಾಧ್ಯತೆ ಇದೆ’ ಎಂಬ ಮೂರರಲ್ಲಿ ಒಂದನ್ನು ಜೋಡಿಸಿ, ಲೇಖನದುದ್ದಕ್ಕೂ ಅವೇ ಪದ ಬಳಸಿ. ಮಾದರಿಗೆ: ‘ಹೆಲಿಕಾಪ್ಟರ್ ಸೇವೆಗೆ ಮಾಲ್ದೀವ್ಸ್ ಸದ್ಯಕ್ಕೆ ಭಾರತವನ್ನೇ ಅವಲಂಬಿಸಿದೆ, ಇದು ಬಹುತೇಕ ಖಚಿತ. ಹಣದ ಒತ್ತಡ ಹೆಚ್ಚಿದಾಗ ಭಾರತ ವಿರೋಧಿ ಮಾತು ತಗ್ಗುವ ಸಾಧ್ಯತೆ ಹೆಚ್ಚು.’

## ಕರಡನ್ನು ತಡೆಹಿಡಿಯಬೇಕಾದ ಎಚ್ಚರಿಕೆಯ ಗುರುತುಗಳು

ಬರಹದಲ್ಲಿ ‘ತೆಕ್ಕೆ’, ‘ಮಡಿಲು’, ‘ಮಂಡಿಯೂರು’ ಪದಗಳು ಬಂದಿದ್ದರೆ ಅಲ್ಲಿ ಸಾಕ್ಷ್ಯ ಇಲ್ಲ ಎಂದೇ ತಿಳಿಯಿರಿ. ಆ ವಾಕ್ಯ ಅಳಿಸಿ, ದಿನಾಂಕ ಹಾಕಿ ಮತ್ತೆ ಬರೆಯಿರಿ.

ಎಲ್ಲ ಮೂಲಗಳೂ ದೆಹಲಿಯವೇ ಆಗಿದ್ದರೆ ನಿಲ್ಲಿಸಿ. ಮಾಲೆಯ ವಿರೋಧ ಪಕ್ಷದವರು ಏನೆಂದರು ಎಂಬ ಒಂದು ಸಾಲಾದರೂ ಇರಬೇಕು.

ನಂತರ ಆದದ್ದನ್ನು ಮೊದಲಿನದಕ್ಕೆ ಕಾರಣ ಮಾಡುವುದು ಇನ್ನೊಂದು ಗುರುತು. ಆಗ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ಜಿಎಂಆರ್ ಕಂಪನಿ 2010ರಲ್ಲಿ ಪಡೆದಿದ್ದ ಮಾಲೆ ವಿಮಾನ ನಿಲ್ದಾಣದ ಗುತ್ತಿಗೆ 2012ರ ನವೆಂಬರ್‌ನಲ್ಲಿ ರದ್ದಾಯಿತು. ಇದರ ಹಿಂದೆ ಚೀನಾದ ಕೈ ಇದೆ ಎಂದು ಇಂದಿಗೂ ಬರೆಯುವವರಿದ್ದಾರೆ. ಚೀನೀ ಕಂಪನಿಗೆ ನಿಲ್ದಾಣ ವಿಸ್ತರಣೆಯ ಕೆಲಸ ಸಿಕ್ಕಿದ್ದು 2014ರಲ್ಲಿ. ಅದಕ್ಕೂ ಮೊದಲು, 2011ರ ಕೊನೆಯಲ್ಲೇ, ಪ್ರಯಾಣಿಕರಿಂದ 25 ಡಾಲರ್ ಅಭಿವೃದ್ಧಿ ಶುಲ್ಕ ವಸೂಲಿ ಮಾಡುವುದರ ವಿರುದ್ಧ ವಿರೋಧ ಪಕ್ಷ ಅಲ್ಲಿನ ನ್ಯಾಯಾಲಯದಲ್ಲಿ ಗೆದ್ದಿತ್ತು. 2012ರ ಫೆಬ್ರುವರಿಯಲ್ಲಿ ಗುತ್ತಿಗೆ ಕೊಟ್ಟ ನಶೀದ್ ಅಧಿಕಾರವನ್ನೇ ಕಳೆದುಕೊಂಡಿದ್ದರು. ಮನೆಯೊಳಗಿನ ಕಾರಣಗಳು ಇಷ್ಟು ಬಲವಾಗಿರುವಾಗ ಹೊರಗಿನ ಕೈಯನ್ನು ಸಾಬೀತು ಮಾಡುವ ಹೊಣೆ ಬರೆಯುವವರದ್ದು.

## ಹಂತ 9: ಮರುಪರಿಶೀಲನೆಯ ದಿನಾಂಕ ಗೊತ್ತು ಮಾಡಿ

ಲೇಖನ ಮುಗಿದ ದಿನವೇ ಮುಂದಿನ ತಪಾಸಣೆಯ ದಿನಗಳನ್ನು ಹಾಳೆಯ ತಲೆಯಲ್ಲಿ ಬರೆದಿಡಿ: 2026ರಲ್ಲಿ ತೀರಿಸಬೇಕಾದ 50 ಕೋಟಿ ಡಾಲರ್ ಸುಕುಕ್, ಪ್ರತಿ ಫೆಬ್ರುವರಿಯ ಭಾರತದ ಬಜೆಟ್, ಖಜಾನೆ ಬಿಲ್ ಮುಂದುವರಿಯುವ ಮೇ ಮತ್ತು ಸೆಪ್ಟೆಂಬರ್, 2028ರ ಅಧ್ಯಕ್ಷೀಯ ಚುನಾವಣೆ. ಆ ದಿನ ಬಂದಾಗ ಹಳೆಯ ತೀರ್ಮಾನವನ್ನು ಅಳಿಸಬೇಡಿ. ಅದರ ಕೆಳಗೆ ಹೊಸ ದಿನಾಂಕ ಹಾಕಿ, ಯಾವ ಸಾಲು ಬದಲಾಯಿತು, ಯಾವ ದಾಖಲೆಯಿಂದ ಬದಲಾಯಿತು ಎಂದು ಬರೆಯಿರಿ.